ಲಾಗ್‌ಬುಕ್‌ನಲ್ಲಿ ಗಂಟೆ ತುಂಬಿದರೆ ಫಾರ್ಮಸಿಸ್ಟ್ ಆದಂತಾ?

ಔಷಧಿ ಅಂಗಡಿಯ ಕೌಂಟರ್ ಮುಂದೆ ಒಬ್ಬ ತಾಯಿ ನಿಂತಿದ್ದಾರೆ. ಮಗುವಿಗೆ ಜ್ವರ, ತೂಕ 10 ಕೆಜಿ. ಕೌಂಟರ್ ಒಳಗೆ ಟ್ರೈನಿಂಗ್‌ಗೆ ಬಂದ ಫಾರ್ಮಸಿ ವಿದ್ಯಾರ್ಥಿನಿ ಇದ್ದಾಳೆ. ಪ್ಯಾರಸಿಟಮಾಲ್ ಲೆಕ್ಕ ಅವಳಿಗೆ ಬಾಯಿಪಾಠ. ಒಂದು ಕೆಜಿಗೆ 15 ಮಿಲಿಗ್ರಾಂ, ಅಂದರೆ ಈ ಮಗುವಿಗೆ 150. ಕೈಯಲ್ಲಿರುವ ಸಿರಪ್‌ನಲ್ಲಿ 5 ಮಿಲಿಗೆ 125 ಮಿಲಿಗ್ರಾಂ ಇದೆ. ಹಾಗಾದರೆ ಒಂದು ಸಲಕ್ಕೆ 6 ಮಿಲಿ. ಲೆಕ್ಕ ಸರಿಯಾಗಿದೆ, ಪರೀಕ್ಷೆಯಲ್ಲಾದರೆ ಪೂರ್ತಿ ಅಂಕ.

ಅವಳು ಬಾಟಲಿಯನ್ನು ಚೀಲಕ್ಕೆ ಹಾಕುವಷ್ಟರಲ್ಲಿ ಪಕ್ಕದಲ್ಲಿದ್ದ ಫಾರ್ಮಸಿಸ್ಟ್ ಒಂದು ಪ್ರಶ್ನೆ ಕೇಳುತ್ತಾರೆ: "ಮನೇಲಿ ಜ್ವರದ ಔಷಧಿ ಮೊದಲೇ ಏನಾದ್ರೂ ಇದೆಯಾ ಅಮ್ಮ?" ಇದೆಯಂತೆ. ಮಗು ಇನ್ನೂ ಚಿಕ್ಕದಿದ್ದಾಗ ತಂದ ಡ್ರಾಪ್ಸ್. ಅದೂ ಪ್ಯಾರಸಿಟಮಾಲೇ, ಆದರೆ ಆ ಡ್ರಾಪ್ಸ್‌ನ 1 ಮಿಲಿಯಲ್ಲಿ 100 ಮಿಲಿಗ್ರಾಂ ಇರುತ್ತದೆ. ಸಿರಪ್‌ನ 1 ಮಿಲಿಯಲ್ಲಿ ಬರೀ 25. ತಾಯಿಯ ತಲೆಯಲ್ಲಿ ಉಳಿಯುವುದು "6 ಮಿಲಿ" ಅನ್ನುವ ಮಾತು ಮಾತ್ರ. ಸಿರಪ್ ಮುಗಿದ ರಾತ್ರಿ ಹಳೇ ಡ್ರಾಪ್ಸ್ ಬಾಟಲಿಯಿಂದಲೇ 6 ಮಿಲಿ ಕೊಟ್ಟುಬಿಟ್ಟರೆ 600 ಮಿಲಿಗ್ರಾಂ ಆಯಿತು. ಬೇಕಾದ್ದಕ್ಕಿಂತ ನಾಲ್ಕು ಪಟ್ಟು.

ಈ ಪ್ರಶ್ನೆ ಯಾವ ಪಠ್ಯದಲ್ಲೂ ಇಲ್ಲ ಅಂತಲ್ಲ. ಹುಡುಕಿದರೆ ಸಿಗುತ್ತದೆ. ಆದರೆ ಓದಿ ಗೊತ್ತಿರುವುದು ಬೇರೆ, ಎದುರಿಗೆ ಒಬ್ಬರು ಅವಸರದಲ್ಲಿ ನಿಂತಿರುವಾಗ ಬಾಯಿಗೆ ಬರುವುದು ಬೇರೆ. ಓದುವ ಕಾಲದಲ್ಲೇ ಫಾರ್ಮಸಿ ವಿದ್ಯಾರ್ಥಿಗಳನ್ನು ಅಂಗಡಿಗೆ, ಆಸ್ಪತ್ರೆಗೆ, ಕಾರ್ಖಾನೆಗೆ ಕಳಿಸುವುದು ಇದಕ್ಕೇ. ಇಂಗ್ಲಿಷ್ ನಾಡುಗಳಲ್ಲಿ ಇದನ್ನು ಪ್ಲೇಸ್‌ಮೆಂಟ್ ಅನ್ನುತ್ತಾರೆ. ಆ ಮಾತು ಕೇಳಿದರೆ ನಮಗೆ ಕ್ಯಾಂಪಸ್‌ಗೆ ಕಂಪನಿ ಬಂದು ಕೆಲಸ ಕೊಡುವುದು ನೆನಪಾಗುತ್ತದೆ, ಅಲ್ವಾ? ಇಲ್ಲಿ ಹೇಳುತ್ತಿರುವುದು ಆ ಪ್ಲೇಸ್‌ಮೆಂಟ್ ವಿಷಯ ಅಲ್ಲ. ಹಾಗಾಗಿ ಟ್ರೈನಿಂಗ್ ಅಂತಲೇ ಕರೆಯೋಣ.

ಈ ಟ್ರೈನಿಂಗ್ ಎಷ್ಟು ದಿನ ಇರಬೇಕು ಅನ್ನುವುದರ ಬಗ್ಗೆ ಲೋಕದಲ್ಲಿ ಒಮ್ಮತವೇ ಇಲ್ಲ. ಅಮೆರಿಕದಲ್ಲಿ ಫಾರ್ಮ್‌ಡಿ (ಡಾಕ್ಟರ್ ಆಫ್ ಫಾರ್ಮಸಿ) ಪದವಿಗೆ ಮೊದಲ ವರ್ಷಗಳಲ್ಲಿ ಕನಿಷ್ಠ 300 ಗಂಟೆ, ಕೊನೆಯ ವರ್ಷದಲ್ಲಿ ಕನಿಷ್ಠ 1440 ಗಂಟೆ ಬೇಕು. ಯುರೋಪಿಯನ್ ಒಕ್ಕೂಟದ 2005ರ ನಿಯಮದಂತೆ ಐದು ವರ್ಷದ ಓದಿನಲ್ಲಿ ಆರು ತಿಂಗಳು ಸಾರ್ವಜನಿಕ ಔಷಧಿ ಅಂಗಡಿಯಲ್ಲೋ ಆಸ್ಪತ್ರೆಯ ಫಾರ್ಮಸಿಯಲ್ಲೋ ಕಳೆಯಬೇಕು. ಜರ್ಮನಿ ಇದಕ್ಕಿಂತ ಮುಂದೆ ಹೋಗಿ ಓದಿನ ಮಧ್ಯೆ ಎಂಟು ವಾರ, ಕೊನೆಗೆ ಒಂದಿಡೀ ವರ್ಷ ಕೇಳುತ್ತದೆ. ಜಪಾನ್ 2006ರಲ್ಲಿ ಕೋರ್ಸನ್ನು ನಾಲ್ಕು ವರ್ಷದಿಂದ ಆರಕ್ಕೆ ಏರಿಸಿತು. ಐದನೇ ವರ್ಷದಲ್ಲಿ 22 ವಾರ ಹೊರಗೆ ಕಳಿಸುತ್ತದೆ, ಅರ್ಧ ಆಸ್ಪತ್ರೆ, ಅರ್ಧ ಅಂಗಡಿ. ಅದಕ್ಕೂ ಮೊದಲು ಕಂಪ್ಯೂಟರ್‌ನಲ್ಲಿ ಬರೆಯುವ ಪರೀಕ್ಷೆ ಮತ್ತು ಕೆಲಸ ಮಾಡಿ ತೋರಿಸುವ ಪರೀಕ್ಷೆ ಎರಡರಲ್ಲೂ ಪಾಸಾಗಬೇಕು. ರೋಗಿಯ ಮುಂದೆ ನಿಲ್ಲುವ ಮೊದಲೇ ಒಂದು ಬಾಗಿಲು ಇಟ್ಟಿದ್ದಾರೆ. ನನಗೆ ಇದು ಇಷ್ಟವಾಯಿತು.

ಭಾರತದ ಚಿತ್ರ ಇನ್ನೂ ವಿಚಿತ್ರ. ಎರಡು ವರ್ಷದ ಡಿ.ಫಾರ್ಮ್ (ಫಾರ್ಮಸಿ ಡಿಪ್ಲೊಮಾ) ಮುಗಿಸಿದವರು ಮೂರು ತಿಂಗಳಿಗೆ ಕಡಿಮೆ ಇಲ್ಲದಂತೆ 500 ಗಂಟೆ ಟ್ರೈನಿಂಗ್ ಮಾಡಬೇಕು. 2008ರಲ್ಲಿ ಶುರುವಾದ ಆರು ವರ್ಷದ ಫಾರ್ಮ್.ಡಿಗೆ ಒಂದು ಪೂರ್ತಿ ವರ್ಷದ ಇಂಟರ್ನ್‌ಶಿಪ್ ಇದೆ. ಮಧ್ಯದಲ್ಲಿರುವ ನಾಲ್ಕು ವರ್ಷದ ಬಿ.ಫಾರ್ಮ್‌ಗೆ ಏಳನೇ ಸೆಮಿಸ್ಟರ್‌ನಲ್ಲಿ 150 ಗಂಟೆಯ ಪ್ರಾಕ್ಟೀಸ್ ಸ್ಕೂಲ್, ಅಂದರೆ ಒಂದು ಕ್ಷೇತ್ರ ಆರಿಸಿಕೊಂಡು ಮಾಡುವ ಪ್ರಾಯೋಗಿಕ ಕಲಿಕೆ ಇದೆ. ಇದಲ್ಲದೆ ಆರನೇ ಸೆಮಿಸ್ಟರ್ ಆದಮೇಲೆ ನಾಲ್ಕು ವಾರ, 150 ಗಂಟೆ ಕಂಪನಿಯಲ್ಲೋ ಆಸ್ಪತ್ರೆಯಲ್ಲೋ ಕೆಲಸ ಮಾಡಬೇಕು ಅಂತ ಇನ್ನೊಂದು ನಿಯಮ. ಆ ನಿಯಮದ ತಲೆಬರಹದಲ್ಲೇ "ಇದ್ದರೆ ಒಳ್ಳೆಯದು" ಅನ್ನುವ ಅರ್ಥದ ಮಾತಿದೆ. ಒಳಗೆ "ಮಾಡಲೇಬೇಕು", ಮೇಲೆ "ಮಾಡಿದರೆ ಒಳ್ಳೆಯದು". ಎರಡು ವರ್ಷ ಓದಿದವರಿಗೆ 500 ಗಂಟೆ ಕಡ್ಡಾಯ, ನಾಲ್ಕು ವರ್ಷ ಓದಿದವರಿಗೆ ಅದರ ಅರ್ಧವೂ ಕಡ್ಡಾಯವಿಲ್ಲ. ಬಿ.ಫಾರ್ಮ್ ಅನ್ನು ಮೊದಲಿಂದಲೂ ಕಾರ್ಖಾನೆಗೆ ಜನ ತಯಾರು ಮಾಡುವ ಪದವಿಯಾಗಿ ನೋಡಿಕೊಂಡು ಬಂದಿದ್ದಾರೆ. ಆದರೆ ಅದೇ ಪದವಿ ಇಟ್ಟುಕೊಂಡು ನೋಂದಣಿ ಮಾಡಿಸಿ ಕೌಂಟರ್ ಹಿಂದೆ ನಿಲ್ಲಲೂಬಹುದು.

ಸರಿ, ಗಂಟೆಯ ಲೆಕ್ಕ ಇಷ್ಟು. ಈ ವಿಷಯದ ಚರ್ಚೆ ಎಲ್ಲೇ ನಡೆಯಲಿ, ಹೆಚ್ಚುಕಡಿಮೆ ಇಲ್ಲೇ ನಿಂತುಬಿಡುತ್ತದೆ. ಇನ್ನೂ 200 ಗಂಟೆ ಜಾಸ್ತಿ ಮಾಡಿ, ಆರು ತಿಂಗಳನ್ನು ವರ್ಷ ಮಾಡಿ, ಹೀಗೆ. ಗಂಟೆ ಎಣಿಸಲು ಸುಲಭ, ಅದಕ್ಕೇ ಎಣಿಸುತ್ತೇವೆ. ಆದರೆ ಮೇಲಿನ ಕೌಂಟರ್‌ನಲ್ಲಿ ಆ ಹುಡುಗಿ ಕಲಿತಿದ್ದು ಎಷ್ಟು ಹೊತ್ತಿನಲ್ಲಿ? ಅರ್ಧ ನಿಮಿಷ. ಪಕ್ಕದಲ್ಲಿ ಆ ಫಾರ್ಮಸಿಸ್ಟ್ ಇದ್ದರು ಮತ್ತು ಅವಳ ಕೈಗೆ ಕೆಲಸ ಕೊಟ್ಟಿದ್ದರು. ಅವರು ಒಳಗೆ ಬಿಲ್ ನೋಡುತ್ತಾ ಕೂತಿದ್ದರೆ ಅವಳು ಅದೇ ಜಾಗದಲ್ಲಿ 500 ಗಂಟೆ ನಿಂತರೂ 6 ಮಿಲಿ ಅಂತಲೇ ಹೇಳಿ ಕಳಿಸುತ್ತಿದ್ದಳು.

ವೈದ್ಯಕೀಯ ಶಿಕ್ಷಣದವರು ಇದನ್ನು ಎಂದೋ ಗುರುತಿಸಿದ್ದಾರೆ. 1990ರಲ್ಲಿ ಜಾರ್ಜ್ ಮಿಲ್ಲರ್ ಕಲಿಕೆಯನ್ನು ನಾಲ್ಕು ಮೆಟ್ಟಿಲಾಗಿ ಬಿಡಿಸಿಟ್ಟರು. ವಿಷಯ ಗೊತ್ತಿರುವುದು, ಹೇಗೆ ಮಾಡಬೇಕೆಂದು ಗೊತ್ತಿರುವುದು, ಮಾಡಿ ತೋರಿಸುವುದು, ದಿನನಿತ್ಯದ ಕೆಲಸದಲ್ಲಿ ನಿಜವಾಗಿ ಮಾಡುವುದು. ಬರೆಯುವ ಪರೀಕ್ಷೆ ಮೊದಲೆರಡು ಮೆಟ್ಟಿಲು ಅಳೆಯುತ್ತದೆ. ಲ್ಯಾಬ್ ಮೂರನೆಯದನ್ನು ಅಳೆಯಬಹುದು. ನಾಲ್ಕನೆಯದು ಕಾಣಿಸುವುದು ಕೆಲಸದ ಜಾಗದಲ್ಲಿ ಮಾತ್ರ, ಅದೂ ಯಾರಾದರೂ ನೋಡುತ್ತಿದ್ದರೆ.

ಇನ್ನೊಂದು ವಿಷಯವೂ ಇದೆ. ಕ್ಲಾಸಿನಲ್ಲಿ ಪಾಠ ಸಬ್ಜೆಕ್ಟ್ ಪ್ರಕಾರ ಬರುತ್ತದೆ, ಕೌಂಟರ್‌ನಲ್ಲಿ ಮನುಷ್ಯರ ಪ್ರಕಾರ ಬರುತ್ತದೆ. ಮೆಥೊಟ್ರೆಕ್ಸೇಟ್ ಅನ್ನುವ ಔಷಧಿಯ ಉದಾಹರಣೆ ನೋಡಿ. ಸಂಧಿವಾತಕ್ಕೆ ಕೊಡುವಾಗ ಇದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. 2.5 ಮಿಲಿಗ್ರಾಂನ ಆರು ಮಾತ್ರೆ, ವಾರಕ್ಕೊಮ್ಮೆ ಅಂತ ಚೀಟಿ ಬರುತ್ತದೆ. ಅಭ್ಯಾಸಬಲದಿಂದ ಯಾರೋ ಲೇಬಲ್ ಮೇಲೆ "ದಿನಕ್ಕೊಮ್ಮೆ" ಅಂತ ಬರೆದುಬಿಟ್ಟು ರೋಗಿಗಳು ಸತ್ತ ಘಟನೆಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ವಿದ್ಯಾರ್ಥಿಗೆ ಇದು ಗೊತ್ತಿರುತ್ತದೆ. ಕೋ-ಟ್ರೈಮೊಕ್ಸಜೋಲ್ ಅನ್ನುವ ಆಂಟಿಬಯೋಟಿಕ್ ಬಗ್ಗೆಯೂ ಗೊತ್ತಿರುತ್ತದೆ, ಅದು ಬೇರೆ ಅಧ್ಯಾಯ. ಹೊಸ ಜೀವಕೋಶ ತಯಾರಾಗಲು ಫೋಲೇಟ್ ಅನ್ನುವ ವಿಟಮಿನ್ ಬೇಕು, ದೇಹ ಅದನ್ನು ಬಳಸುವ ದಾರಿಗೆ ಈ ಎರಡೂ ಔಷಧಿ ಅಡ್ಡ ಬರುತ್ತವೆ. ಒಟ್ಟಿಗೆ ಬಿದ್ದರೆ ಮೂಳೆಮಜ್ಜೆಯಲ್ಲಿ ರಕ್ತಕಣ ತಯಾರಾಗುವುದೇ ಕುಸಿಯಬಹುದು.

ಈಗ ಕೌಂಟರ್‌ಗೆ ಒಬ್ಬ ಅಜ್ಜಿ ಬರುತ್ತಾರೆ. ಉರಿಮೂತ್ರಕ್ಕೆ ಕೋ-ಟ್ರೈಮೊಕ್ಸಜೋಲ್ ಚೀಟಿ. ಮೆಥೊಟ್ರೆಕ್ಸೇಟ್ ಆ ಚೀಟಿಯಲ್ಲಿ ಇಲ್ಲ, ಅದನ್ನು ಬರೆದವರು ಬೇರೆ ಡಾಕ್ಟರು. ವಿದ್ಯಾರ್ಥಿಗೆ ಕಾಣುವುದು ಗಂಟು ಕಟ್ಟಿದ ಬೆರಳುಗಳು ಮಾತ್ರ. ಆ ಬೆರಳು ನೋಡಿ "ಕೀಲು ನೋವಿಗೆ ಏನಾದ್ರೂ ತಗೋತಾ ಇದ್ದೀರಾ ಅಜ್ಜಿ? ವಾರಕ್ಕೊಮ್ಮೆ ತಗೊಳ್ಳೋ ಮಾತ್ರೆ?" ಅಂತ ಕೇಳಬೇಕು. ಎರಡು ಅಧ್ಯಾಯ ಒಬ್ಬರೇ ಮನುಷ್ಯರಲ್ಲಿ ಸೇರುವ ಜಾಗ ಇದು. "ಅವರ ಕೈ ನೋಡಿದ್ಯಾ?" ಅಂತ ಹಿಂದಿನಿಂದ ಯಾರಾದರೂ ಒಂದೆರಡು ಸಲ ಕೇಳಿದರೆ, ಮೂರನೇ ಸಲ ತಾನಾಗಿಯೇ ಕಣ್ಣು ಹೋಗುತ್ತದೆ.

ಹಾಗಾದರೆ ಆ "ಹಿಂದಿನಿಂದ ಕೇಳುವವರು" ಯಾರು? ವ್ಯವಸ್ಥೆ ನಿಜವಾಗಿ ತೆಳುವಾಗಿರುವುದು ಇಲ್ಲೇ. ಟ್ರೈನಿಂಗ್ ನೋಡಿಕೊಳ್ಳುವ ಫಾರ್ಮಸಿಸ್ಟ್ ಹೆಚ್ಚಿನ ಕಡೆ ತಮ್ಮ ದಿನದ ಕೆಲಸದ ಮೇಲೆ ಇದನ್ನೂ ಹೊತ್ತುಕೊಂಡಿರುತ್ತಾರೆ. ಸಾಲು ನಿಂತಿರುತ್ತದೆ, ಫೋನ್ ಬಡಿದುಕೊಳ್ಳುತ್ತಿರುತ್ತದೆ, ಸ್ಟಾಕ್ ಬಂದಿರುತ್ತದೆ. ಕಲಿಸಲು ಬೇರೆ ಸಮಯ ಇಲ್ಲ, ಬೇರೆ ಸಂಬಳ ಇಲ್ಲ. ಕಲಿಸುವುದು ಹೇಗೆಂದು ಅವರಿಗೆ ಯಾರೂ ಕಲಿಸಿಲ್ಲ. ಇದರ ಮೇಲೆ ಹೊಣೆಯ ಭಯ ಬೇರೆ. ವಿದ್ಯಾರ್ಥಿ ತಪ್ಪು ಔಷಧಿ ಕೊಟ್ಟರೆ ಉತ್ತರ ಹೇಳಬೇಕಾದವರು ಲೈಸೆನ್ಸ್ ಇರುವವರು. ಆದ್ದರಿಂದ ಅವರಿಗೆ ಸುಲಭದ ದಾರಿ ಒಂದೇ: "ಸುಮ್ನೆ ನಿಂತು ನೋಡ್ತಿರು." ಅವರನ್ನು ಬೈದು ಪ್ರಯೋಜನವಿಲ್ಲ. ಆ ಜಾಗದಲ್ಲಿ ನಾನಿದ್ದರೂ ಬಹುಶಃ ಹಾಗೇ ಹೇಳುತ್ತಿದ್ದೆ.

ನಿಂತು ನೋಡುವುದಕ್ಕೂ ಒಂದು ಮಿತಿ ಇದೆ. ಎರಡು ವಾರ ನೋಡಿದ ಮೇಲೆ ಕಣ್ಣಿಗೆ ಹೊಸದೇನೂ ಬೀಳುವುದಿಲ್ಲ. ಆಗ ವಿದ್ಯಾರ್ಥಿಯ ಕೈಗೆ ಏನಾದರೂ ಕೆಲಸ ಕೊಡಬೇಕಲ್ಲ. ರೋಗಿಗೆ ಸಂಬಂಧವಿಲ್ಲದ ಕೆಲಸ ಅಂದರೆ ಶೆಲ್ಫ್ ಜೋಡಿಸುವುದು, ಎಕ್ಸ್‌ಪೈರಿ ನೋಡುವುದು, ಬಾಕ್ಸ್ ಒಡೆಯುವುದು.

ಇಲ್ಲಿ ಒಂದು ಮಾತು ಹೇಳಲೇಬೇಕು. ಶೆಲ್ಫ್ ಜೋಡಿಸುವುದು ಕೀಳು ಕೆಲಸ ಅಂತ ಮೂಗು ಮುರಿಯುವ ವಿದ್ಯಾರ್ಥಿಗಳ ಪರ ನಾನಿಲ್ಲ. ಬಿಪಿಗೆ ಕೊಡುವ ಹೈಡ್ರಲಜೀನ್ ಮತ್ತು ಅಲರ್ಜಿಗೆ ಕೊಡುವ ಹೈಡ್ರಾಕ್ಸಿಜೀನ್ ಅಕ್ಕಪಕ್ಕ ಕೂತರೆ ಅವಸರದಲ್ಲಿ ಕೈ ಎಷ್ಟು ಸುಲಭವಾಗಿ ತಪ್ಪುತ್ತದೆ ಅಂತ ಗೊತ್ತಾಗುವುದು ಶೆಲ್ಫ್ ಮುಂದೆಯೇ. ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು ಅಂತ ಎಲ್ಲರೂ ಓದಿರುತ್ತಾರೆ. ಫ್ರಿಜ್‌ನ ಹಿಂಗೋಡೆಗೆ ತಾಗಿಸಿಟ್ಟರೆ ಅದು ಹೆಪ್ಪುಗಟ್ಟಬಹುದು, ಹೆಪ್ಪುಗಟ್ಟಿದ್ದು ಕರಗಿದ ಮೇಲೂ ಬಳಸುವ ಹಾಗಿಲ್ಲ ಅನ್ನುವುದು ಫ್ರಿಜ್ ಜೋಡಿಸಿದವರಿಗೆ ನೆನಪಿರುತ್ತದೆ. ಮೊದಲು ಎಕ್ಸ್‌ಪೈರಿ ಆಗುವುದು ಮುಂದೆ, ಆಮೇಲಿನದು ಹಿಂದೆ. ಇದೆಲ್ಲ ಒಂದು ವಾರದ ಒಳ್ಳೆಯ ಪಾಠ. ಎಂಟನೇ ವಾರದಲ್ಲೂ ಅದೇ ಕೆಲಸ ಮಾಡಿಸುತ್ತಿದ್ದರೆ ಅದು ಪುಕ್ಕಟೆ ಕೂಲಿ.

ಪುಕ್ಕಟೆ ಅಂದೆ. ದುಡ್ಡಿನ ವಿಷಯ ಈಗ ಹಲವು ದೇಶಗಳಲ್ಲಿ ಬಿಸಿಯಾಗಿದೆ. ಪದವಿ ಮುಗಿಸಿ ಮಾಡುವ ಟ್ರೈನಿಂಗ್‌ಗೆ ಬ್ರಿಟನ್‌ನಂಥ ಕಡೆ ಸಂಬಳ ಸಿಗುತ್ತದೆ. ಪದವಿಯ ಒಳಗಿನ ಟ್ರೈನಿಂಗ್‌ಗೆ ಸಾಮಾನ್ಯವಾಗಿ ಇಲ್ಲ. ಅಮೆರಿಕದಲ್ಲಿ ಅದು ಕೋರ್ಸಿನ ಭಾಗ ಆದ್ದರಿಂದ ಆ ತಿಂಗಳುಗಳಿಗೂ ವಿದ್ಯಾರ್ಥಿಯೇ ಕಾಲೇಜಿಗೆ ಫೀಸು ಕಟ್ಟುತ್ತಾನೆ. ದಿನವಿಡೀ ದುಡಿಯುವುದು ಅವನು, ದುಡ್ಡು ಕೊಡುವುದೂ ಅವನು! ಟ್ರೈನಿಂಗ್ ದೂರದ ಊರಿಗೆ ಬಿದ್ದರೆ ಎರಡು ಕಡೆ ಬಾಡಿಗೆ. ಸಂಜೆ ಮಾಡುತ್ತಿದ್ದ ಪಾರ್ಟ್‌ಟೈಮ್ ಕೆಲಸವೂ ಹೋಯಿತು.

ಆಸ್ಟ್ರೇಲಿಯಾದಲ್ಲಿ ಇದಕ್ಕೆ "ಪ್ಲೇಸ್‌ಮೆಂಟ್ ಬಡತನ" ಅಂತಲೇ ಹೆಸರಿಟ್ಟಿದ್ದಾರೆ. ಅಲ್ಲಿನ ಸರ್ಕಾರ 2025ರ ಜುಲೈನಿಂದ ಕಡ್ಡಾಯ ಟ್ರೈನಿಂಗ್‌ನಲ್ಲಿರುವ ವಿದ್ಯಾರ್ಥಿಗಳಿಗೆ, ಆದಾಯ ಮತ್ತಿತರ ಷರತ್ತು ನೋಡಿ, ವಾರಕ್ಕಿಷ್ಟು ಅಂತ ಹಣ ಕೊಡಲು ಶುರು ಮಾಡಿದೆ. ಆದರೆ ಅದು ಶಿಕ್ಷಕ, ನರ್ಸಿಂಗ್, ಸೂಲಗಿತ್ತಿ ಮತ್ತು ಸಮಾಜಕಾರ್ಯದ ವಿದ್ಯಾರ್ಥಿಗಳಿಗೆ ಮಾತ್ರ. ಫಾರ್ಮಸಿ ಆ ಪಟ್ಟಿಯಲ್ಲಿ ಇಲ್ಲ. ಒಂದೇ ಆಸ್ಪತ್ರೆಯ ಒಂದೇ ವಾರ್ಡಿನಲ್ಲಿ ನರ್ಸಿಂಗ್ ವಿದ್ಯಾರ್ಥಿಗೆ ಹಣ ಬರಬಹುದು, ಅವಳ ಪಕ್ಕದಲ್ಲೇ ಔಷಧಿ ಚಾರ್ಟ್ ನೋಡುತ್ತಿರುವ ಫಾರ್ಮಸಿ ವಿದ್ಯಾರ್ಥಿಗೆ ಬರುವುದಿಲ್ಲ.

ದುಡ್ಡಿಲ್ಲದಿದ್ದರೆ ಕಲಿಕೆಯ ಗುಣಮಟ್ಟಕ್ಕೂ ಏಟು ಬೀಳುತ್ತದೆ. ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿ ಒಳ್ಳೆಯ ಜಾಗ ಹುಡುಕುವುದಿಲ್ಲ, ಹತ್ತಿರದ ಜಾಗ ಹುಡುಕುತ್ತಾನೆ. ಇನ್ನೂ ಕಷ್ಟ ಇದ್ದರೆ, ಬರದಿದ್ದರೂ ಸಹಿ ಹಾಕಿಕೊಡುವ ಜಾಗ ಹುಡುಕುತ್ತಾನೆ. ಟ್ರೈನಿಂಗ್‌ನ ದಿನದಿನದ ದಾಖಲೆ ಬರೆಯುವ ಲಾಗ್‌ಬುಕ್‌ನ ತೊಂದರೆ ಇದೇ. ಗಂಟೆ, ತಾರೀಖು, ಸಹಿ, ಸೀಲ್. ಈ ನಾಲ್ಕೂ ಇದ್ದರೆ ಕಾಲೇಜಿಗೆ ಸಾಕು. ಮೂರು ತಿಂಗಳ ಪುಟಗಳನ್ನು ಒಂದೇ ಪೆನ್ನಿನಲ್ಲಿ ಒಂದೇ ಸಂಜೆ ತುಂಬಿದ್ದು ನೋಡಿದ ತಕ್ಷಣ ಗೊತ್ತಾಗುತ್ತದೆ. ಮೊದಲ ದಿನದ ಅಕ್ಷರ ಮತ್ತು ತೊಂಬತ್ತನೇ ದಿನದ ಅಕ್ಷರ ಅಚ್ಚು ಹಾಕಿದ ಹಾಗೆ ಒಂದೇ ತರಹ ಇರುತ್ತದೆ, ಎಲ್ಲೂ ಚಹಾದ ಕಲೆ ಇರುವುದಿಲ್ಲ. ಆದರೂ ಪಾಸಾಗುತ್ತದೆ, ಯಾಕೆಂದರೆ ನಿಯಮ ಕೇಳಿದ್ದು ಗಂಟೆಯನ್ನು, ಗಂಟೆ ತುಂಬಿದೆ.

ಜಾಗದ ಕೊರತೆ ಇನ್ನೊಂದು ಗಂಟು. ಕಾಲೇಜಿಗೆ ಸೀಟು ಹೆಚ್ಚಿಸುವುದು ಕಾಗದದ ಕೆಲಸ. ವಾರ್ಡಿನಲ್ಲಿ ಹಾಸಿಗೆ, ಕಲಿಸಬಲ್ಲ ಫಾರ್ಮಸಿಸ್ಟ್ ಹೆಚ್ಚುವುದು ಹಾಗಲ್ಲ. ಒಂದು ಹಾಸಿಗೆಯ ಸುತ್ತ ಹತ್ತು ಜನ ನಿಂತರೆ ಹತ್ತನೆಯವನಿಗೆ ಕೇಳುವುದು ಒಂಬತ್ತನೆಯವನ ಉಸಿರು ಮಾತ್ರ.

ಕಾರ್ಖಾನೆಯ ಟ್ರೈನಿಂಗ್ ಕಥೆ ಸ್ವಲ್ಪ ಬೇರೆ. ಅಲ್ಲಿ ವಿದ್ಯಾರ್ಥಿಯನ್ನು ಯಂತ್ರದ ಹತ್ತಿರ ಬಿಡುವುದೇ ಕಷ್ಟ, ಬ್ಯಾಚ್ ಕೆಟ್ಟರೆ ನಷ್ಟ ದೊಡ್ಡದು. ಗಾಜಿನ ಆಚೆಯಿಂದ ನೋಡಿ ಬರುವುದೇ ಜಾಸ್ತಿ. ಆದರೂ ಒಂದು ಬ್ಯಾಚ್ ದಾಖಲೆಯನ್ನು ಮೊದಲಿಂದ ಕೊನೆಯವರೆಗೆ ಓದಿಸಿದರೆ, ಒಂದು ಮಾತ್ರೆಯ ಹಿಂದೆ ಎಷ್ಟು ಜನರ ಸಹಿ ಇದೆ ಅನ್ನುವುದು ತಲೆಗೆ ಹೋಗುತ್ತದೆ.

ಇದಕ್ಕೆಲ್ಲ ದಾರಿ ಹುಡುಕಿದವರೇ ಇಲ್ಲವಾ? ಇದ್ದಾರೆ. ನೆದರ್‌ಲ್ಯಾಂಡ್ಸ್‌ನ ಓಲೆ ಟೆನ್ ಕಾಟೆ 2005ರಲ್ಲಿ ವೈದ್ಯರ ತರಬೇತಿಗಾಗಿ ಒಂದು ಸರಳ ಪ್ರಶ್ನೆ ಇಟ್ಟರು. ವಿದ್ಯಾರ್ಥಿ ಎಷ್ಟು ಗಂಟೆ ಇದ್ದ ಅಂತ ಕೇಳಬೇಡಿ, ಈ ಕೆಲಸವನ್ನು ಅವನ ಕೈಗೆ ನಂಬಿ ಕೊಡಬಹುದಾ ಅಂತ ಕೇಳಿ. ಆ ನಂಬಿಕೆಗೂ ಮೆಟ್ಟಿಲುಗಳಿವೆ. ಮೊದಲು ಬರೀ ನೋಡುವುದು. ಆಮೇಲೆ ಪಕ್ಕದಲ್ಲಿ ಒಬ್ಬರು ನಿಂತಿರುವಾಗ ಮಾಡುವುದು. ಆಮೇಲೆ ಕರೆದರೆ ಬರುವಷ್ಟು ದೂರದಲ್ಲಿ ಒಬ್ಬರಿರುವಾಗ ಮಾಡುವುದು. ಆಮೇಲೆ ಒಬ್ಬರೇ ಮಾಡುವುದು, ಕೊನೆಗೆ ಇನ್ನೊಬ್ಬರಿಗೆ ಕಲಿಸುವುದು. ಅಮೆರಿಕದ ಫಾರ್ಮಸಿ ಕಾಲೇಜುಗಳು ಇದನ್ನು ತಮ್ಮ ಕೋರ್ಸಿಗೆ ತಂದುಕೊಂಡಿವೆ.

ನನ್ನ ಲೆಕ್ಕದಲ್ಲಿ ಇದರ ದೊಡ್ಡ ಉಪಕಾರ ಫಾರ್ಮಸಿಸ್ಟ್‌ಗೆ. "ನೋಡ್ತಿರು" ಮತ್ತು "ನೀನೇ ಮಾಡು" ಇವೆರಡರ ಮಧ್ಯೆ ಅವರಿಗೆ ಜಾಗ ಸಿಗುತ್ತದೆ. ಇನ್ಹೇಲರ್ ಉದಾಹರಣೆ ನೋಡಿ. ಮೊದಲ ವಾರ ಫಾರ್ಮಸಿಸ್ಟ್ ರೋಗಿಗೆ ಹೇಳಿಕೊಡುವುದನ್ನು ವಿದ್ಯಾರ್ಥಿ ನೋಡುತ್ತಾನೆ. ಎರಡನೇ ವಾರ ಅವನು ಹೇಳುತ್ತಾನೆ, ಫಾರ್ಮಸಿಸ್ಟ್ ಪಕ್ಕದಲ್ಲಿರುತ್ತಾರೆ. ಅವನು ಚೆನ್ನಾಗಿಯೇ ಹೇಳುತ್ತಾನೆ: ಅಲ್ಲಾಡಿಸಿ, ಉಸಿರು ಹೊರಗೆ ಬಿಡಿ, ಒತ್ತುತ್ತಾ ನಿಧಾನ ಒಳಗೆ ಎಳೆಯಿರಿ, 10 ಸೆಕೆಂಡ್ ಹಿಡಿದುಕೊಳ್ಳಿ. "ಗೊತ್ತಾಯ್ತಾ?" ಅನ್ನುತ್ತಾನೆ. ರೋಗಿ "ಹೂಂ" ಅನ್ನುತ್ತಾರೆ. ಆಗ ಫಾರ್ಮಸಿಸ್ಟ್ ಮಧ್ಯೆ ಬಂದು, "ಒಂದ್ಸಲ ನೀವೇ ಮಾಡಿ ತೋರಿಸಿ ಸರ್, ನಾವು ಸರಿಯಾಗಿ ಹೇಳಿದ್ವಾ ನೋಡೋಣ" ಅನ್ನುತ್ತಾರೆ. ರೋಗಿ ಒತ್ತಿದ ಮೇಲೆ ಎರಡು ಸೆಕೆಂಡ್ ಬಿಟ್ಟು ಉಸಿರು ಎಳೆಯುತ್ತಾರೆ. ಔಷಧಿ ಅಷ್ಟೂ ಬಾಯಲ್ಲೇ. ವರ್ಷದಿಂದ ಹೀಗೇ ಮಾಡುತ್ತಿದ್ದಾರಂತೆ. ವಿದ್ಯಾರ್ಥಿಯ ಮುಖ ನೋಡಬೇಕು ಆಗ! ಮೂರನೇ ವಾರ ಅವನನ್ನು ಒಬ್ಬನೇ ಬಿಡಬಹುದು.

ಬ್ರಿಟನ್‌ನಲ್ಲಿ ಈಗ ಪಣ ಇನ್ನೂ ದೊಡ್ಡದು. ಅಲ್ಲಿನ ನಿಯಂತ್ರಣ ಮಂಡಳಿ 2021ರಲ್ಲಿ ತಂದ ಹೊಸ ಮಾನದಂಡದಂತೆ ಓದು ಮತ್ತು ಟ್ರೈನಿಂಗ್ ಸೇರಿಸಿ ಐದು ವರ್ಷ ಮುಗಿಸಿ 2026ರಿಂದ ನೋಂದಣಿ ಆಗುವ ಫಾರ್ಮಸಿಸ್ಟ್‌ಗಳು ಮೊದಲ ದಿನದಿಂದಲೇ ತಾವೇ ಔಷಧಿ ಬರೆಯಬಹುದು. ಚೀಟಿ ನೋಡಿ ಕೊಡುವ ಕೈಗೆ ಚೀಟಿ ಬರೆಯುವ ಅಧಿಕಾರ. ಅದಕ್ಕಾಗಿ ಕೊನೆಯ ವರ್ಷದಲ್ಲಿ 90 ಗಂಟೆ, ಬರೆಯುವ ಅನುಭವ ಇರುವ ಒಬ್ಬ ನಿಗದಿತ ಮಾರ್ಗದರ್ಶಕರ ಉಸ್ತುವಾರಿಯಲ್ಲಿ ಕಲಿಯಬೇಕು. ಇಲ್ಲಿ ಗಂಟೆಯ ಜೊತೆಗೆ "ಯಾರ ಹತ್ತಿರ" ಅನ್ನುವುದೂ ನಿಯಮದೊಳಗೆ ಬಂತು. ಬಂದ ಕೂಡಲೇ ತೊಂದರೆಯೂ ಬಂತು: ಅಷ್ಟೊಂದು ಮಾರ್ಗದರ್ಶಕರು ಎಲ್ಲಿಂದ ಬರಬೇಕು? ಇಂಗ್ಲೆಂಡ್‌ನಲ್ಲಿ ಪದವಿ ವಿದ್ಯಾರ್ಥಿಗಳಿಗೆ ಕಲಿಸುವ ಆಸ್ಪತ್ರೆ, ಅಂಗಡಿಗಳಿಗೆ ಸರ್ಕಾರದಿಂದ ಹಣ ಕೊಡುವ ಪದ್ಧತಿಯೂ ಇದೆ. ಕಲಿಸುವುದೂ ಒಂದು ಕೆಲಸ, ಅದಕ್ಕೂ ಬೆಲೆ ಇದೆ ಅಂತ ಒಪ್ಪಿಕೊಂಡ ಹಾಗಾಯಿತು.

ಸಿಮ್ಯುಲೇಷನ್ ಮಾಡಿದರೆ ಸಾಲದೇ ಅಂತ ಕೆಲವರು ಕೇಳುತ್ತಾರೆ. ಗೊಂಬೆ, ನಟ, ಕಂಪ್ಯೂಟರ್ ರೋಗಿ. 2020ರ ಕೋವಿಡ್ ಕಾಲದಲ್ಲಿ ಆಸ್ಪತ್ರೆಗಳು ವಿದ್ಯಾರ್ಥಿಗಳನ್ನು ಹೊರಗಿಟ್ಟಾಗ ಬಹಳ ಕಡೆ ಹೀಗೇ ಆಯಿತು. ತಪ್ಪು ಮಾಡಿ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ, ಯಾರಿಗೂ ಏಟಾಗುವುದಿಲ್ಲ. ಆದರೆ ರೋಗಿಯ ಪಾತ್ರ ಮಾಡುವ ನಟ, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಹೇಳುತ್ತಾನೆ. ನಿಜವಾದ ರೋಗಿ ಅರ್ಧ ಮರೆತಿರುತ್ತಾರೆ, ಅರ್ಧ ನಾಚಿಕೆಯಿಂದ ಮುಚ್ಚಿಡುತ್ತಾರೆ, ಜೊತೆಗೆ ಬಸ್ಸಿಗೆ ಹೊತ್ತಾಗಿರುತ್ತದೆ.

ಹಾಗಾದರೆ ಕಾಲೇಜುಗಳು ನಾಳೆಯಿಂದಲೇ ಏನು ಮಾಡಬಹುದು? ಕಾಯಿದೆ ಬದಲಾಗಲಿ ಅಂತ ಕಾಯಬೇಕಿಲ್ಲ. ಲಾಗ್‌ಬುಕ್‌ನ ಪ್ರತಿ ವಾರದ ಪುಟದಲ್ಲಿ ಎರಡು ಸಾಲು ಸೇರಿಸಿದರೆ ಸಾಕು. ಈ ವಾರ ನಾನೇ ಮಾತಾಡಿಸಿದ ರೋಗಿಗಳು ಎಷ್ಟು? ನನ್ನನ್ನು ತಿದ್ದಿದ್ದು ಯಾರು, ಯಾವ ವಿಷಯಕ್ಕೆ? ಎರಡನೇ ಸಾಲನ್ನು ಕೊನೆಯ ಸಂಜೆ ಕೂತು ಕಲ್ಪಿಸಿ ಬರೆಯುವುದು ಕಷ್ಟ. ತಿದ್ದಿಸಿಕೊಂಡ ನೆನಪಿಗೆ ಒಂದು ಔಷಧಿಯ ಹೆಸರು ಬೇಕು, ಒಂದು ಮುಖ ಬೇಕು. ಸುಳ್ಳು ಬರೆದರೂ ಎರಡು ಪ್ರಶ್ನೆ ಕೇಳಿದರೆ ಗೊತ್ತಾಗುತ್ತದೆ.

ಇನ್ನೊಂದು ಕೆಲಸ, ಮೂರನೇ ವಾರದಲ್ಲಿ ಕಾಲೇಜಿನ ಒಬ್ಬ ಮೇಷ್ಟ್ರು ಅಲ್ಲಿಗೆ ಹೋಗಿಬರುವುದು. ಸಹಿ ಪರೀಕ್ಷೆ ಮಾಡಲು ಬೇಡ, ಅರ್ಧ ಗಂಟೆ ಕೌಂಟರ್ ಪಕ್ಕ ನಿಂತರೆ ಸಾಕು. "ಇದುವರೆಗೆ ಎಷ್ಟು ಜನರ ಜೊತೆ ಮಾತಾಡಿದೆ?" ಅಂತ ಕೇಳಿದಾಗ "ಒಬ್ಬರ ಜೊತೆಗೂ ಇಲ್ಲ ಸರ್, ಸ್ಟಾಕ್ ನೋಡ್ಕೋತಾ ಇದ್ದೀನಿ" ಅಂತ ಉತ್ತರ ಬಂದರೆ, ಒಳಗೆ ಕೂತ ಫಾರ್ಮಸಿಸ್ಟ್ ಜೊತೆ ಒಂದು ಮಾತಾಡಲು, ಆಗದಿದ್ದರೆ ವಿದ್ಯಾರ್ಥಿಯನ್ನು ಬೇರೆ ಕಡೆ ಕಳಿಸಲು ಇನ್ನೂ ಒಂಬತ್ತು ವಾರ ಇರುತ್ತದೆ. ಹನ್ನೆರಡನೇ ವಾರ ಸಹಿಗೆ ಪುಸ್ತಕ ಹಿಡಿದು ಬಂದಾಗ ಇರುವುದಿಲ್ಲ.